ಬೆಟ್ಟದೊಳಗಿಂದ ಎಲ್ಕ್ ಮಾಂಸ ಹೊತ್ತು ತರುವುದು: ಭಾರಕ್ಕಿಂತ ಬಿಸಿಯದ್ದೇ ದೊಡ್ಡ ಚಿಂತೆ

ಪ್ರಶ್ನೆ: ನನ್ನ ಮಗ ಅಮೆರಿಕದ ಕೊಲೊರಾಡೋ ರಾಜ್ಯದ ಡೆನ್ವರಿನಲ್ಲಿ ಕೆಲಸದಲ್ಲಿದ್ದಾನೆ. ಈ ಅಕ್ಟೋಬರ್‌ನಲ್ಲಿ ಆಫೀಸಿನ ಇಬ್ಬರು ಗೆಳೆಯರ ಜೊತೆ ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆಗೆ ಹೋಗುತ್ತಾನಂತೆ. ಲೈಸೆನ್ಸ್ ಎಲ್ಲ ಆಗಿದೆ. ಜಾಗ ರಸ್ತೆಯಿಂದ ನಾಲ್ಕು ಮೈಲಿ ಒಳಗೆ, ಹತ್ತು ಸಾವಿರ ಅಡಿ ಎತ್ತರದಲ್ಲಿ. ಅಲ್ಲಿಗೆ ಜೀಪು ಹೋಗಬಾರದಂತೆ. ಅಷ್ಟು ದೊಡ್ಡ ಪ್ರಾಣಿಯನ್ನು ಮೂರು ಜನ ಹೇಗೆ ಹೊರಗೆ ತರುತ್ತಾರೆ? ಮಾಂಸ ಕೆಡುವುದಿಲ್ವಾ? ಕರಡಿ ಬರುವುದಿಲ್ವಾ? ಕುಮಾರ ಪರ್ವತ ಎರಡು ಸಲ ಹತ್ತಿದವನು, ಗಟ್ಟಿ ಇದ್ದಾನೆ. ಆದರೂ ನನಗೆ ಹೆದರಿಕೆ. "ಬರುವಾಗ ಸ್ವಲ್ಪ ತರ್ತೇನಮ್ಮ" ಅಂತಾನೆ. ಅದು ಆಗುತ್ತದಾ?
ಓದುಗರು, ಕದ್ರಿ, ಮಂಗಳೂರು

ಉತ್ತರ: ಅಕ್ಕ, ನಿಮ್ಮ ಹೆದರಿಕೆ ನನಗೆ ಅರ್ಥವಾಗುತ್ತದೆ. ನಾನು ಕೊಲೊರಾಡೋದಲ್ಲಿ ಹದಿನೈದು ವರ್ಷಕ್ಕಿಂತ ಜಾಸ್ತಿ ಇದ್ದವನು. ಕೆಲಸ ಮಾಂಸ ಸಂಸ್ಕರಣೆಯದ್ದು. ಪಕ್ಕದ ಮನೆಯವರ ಜೊತೆ ಹೆಚ್ಚುಕಡಿಮೆ ಪ್ರತಿ ವರ್ಷ ಬೆಟ್ಟಕ್ಕೆ ಹೋಗಿದ್ದೇನೆ. ಈಗ ಉಡುಪಿಯಲ್ಲಿದ್ದೇನೆ. ಮೊದಲ ವರ್ಷ ನಾನು ಹೊರಟಾಗ ನನ್ನ ಅಮ್ಮನೂ ಫೋನಿನಲ್ಲಿ ಇದನ್ನೇ ಕೇಳಿದ್ದರು. ಆಗ ನನಗೂ ಸರಿಯಾಗಿ ಗೊತ್ತಿರಲಿಲ್ಲ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ. ನಿಮ್ಮ ಮಗನಿಗೂ ಕಳುಹಿಸಿ.

ಮೊದಲು ಒಂದು ಮಾತು. ಇದು ಅಲ್ಲಿನ ವಿಷಯ, ಇಲ್ಲಿನದ್ದಲ್ಲ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆಯ ಮಾತೇ ಇಲ್ಲ. ಕುದುರೆಮುಖವೇ ಇರಲಿ, ಸೋಮೇಶ್ವರ ಅಭಯಾರಣ್ಯವೇ ಇರಲಿ, ಕಡವೆಗೋ ಕಾಟಿಗೋ ಕೈ ಹಚ್ಚಿದರೆ ಜೈಲು. ಅದು ಹಾಗೇ ಇರಬೇಕು. ಕೊಲೊರಾಡೋದ ಲೆಕ್ಕ ಬೇರೆ. ಅಮೆರಿಕದ ರಾಜ್ಯಗಳಲ್ಲೇ ಅತಿ ಹೆಚ್ಚು ಎಲ್ಕ್ ಇರುವುದು ಅಲ್ಲಿ, ಸುಮಾರು 2,80,000. ಯಾವ ಭಾಗದಲ್ಲಿ ಎಷ್ಟು, ಗಂಡೋ ಹೆಣ್ಣೋ, ಯಾವ ದಿನದಿಂದ ಯಾವ ದಿನದವರೆಗೆ ಎಂದು ಸರ್ಕಾರವೇ ಲೆಕ್ಕ ಹಾಕಿ ಲೈಸೆನ್ಸ್ ಕೊಡುತ್ತದೆ. ಆ ಹಣದಲ್ಲೇ ಅಲ್ಲಿನ ವನ್ಯಜೀವಿ ಇಲಾಖೆಯ ದೊಡ್ಡ ಪಾಲು ಕೆಲಸ ನಡೆಯುತ್ತದೆ.

ಈಗ ಪ್ರಾಣಿಯ ಗಾತ್ರ. ನಮ್ಮ ಕಡವೆಯ ಜಾತಿಯದ್ದೇ, ಆದರೆ ಇನ್ನೂ ಎತ್ತರ, ಇನ್ನೂ ಉದ್ದ ಕಾಲು. ಬೆಳೆದ ಗಂಡು 300 ಕೆ.ಜಿ. ದಾಟುತ್ತದೆ. ಹೆಣ್ಣು 225 ಕೆ.ಜಿ. ಆಸುಪಾಸು. ಇದನ್ನು ಇಡಿಯಾಗಿ ಹೊತ್ತು ತರುವವರು ಯಾರೂ ಇಲ್ಲ. ನಮ್ಮ ಅಜ್ಜಂದಿರ ಕಾಲದಲ್ಲಿ ಹಂದಿಯ ಕಾಲು ಕಟ್ಟಿ, ಬಿದಿರಿನ ಗಳುವಿಗೆ ತೂಗುಹಾಕಿ, ಇಬ್ಬರು ಹೆಗಲು ಕೊಟ್ಟು ತರುತ್ತಿದ್ದರು ಅಂತ ಕೇಳಿದ್ದೀರಲ್ವಾ? ಎಲ್ಕ್‌ಗೆ ಅದು ನಡೆಯುವುದಿಲ್ಲ. ತೂಗುವ ಭಾರ ನಡೆಯುವವನನ್ನು ಅತ್ತಿತ್ತ ಎಳೆಯುತ್ತದೆ. ಇಳಿಜಾರಿನಲ್ಲಿ ಹಿಂದಿನವನ ಭಾರವೂ ಮುಂದಿನವನ ಮೇಲೆ ಬೀಳುತ್ತದೆ. ಎಲ್ಕ್ ಬಿದ್ದ ಜಾಗದಲ್ಲೇ ಭಾಗ ಮಾಡಿ, ಬಟ್ಟೆ ಚೀಲಗಳಲ್ಲಿ ಹಾಕಿ, ಬೆನ್ನ ಮೇಲೆ ಹೊತ್ತು ತರುತ್ತಾರೆ. ಹಾಗೆ ಭಾಗ ಮಾಡಿದರೆ ಹೊರಲು ಉಳಿಯುವುದು ಸುಮಾರು 130 ಕೆ.ಜಿ. ಎರಡು ಹಿಂಗಾಲು, ಎರಡು ಮುಂಗಾಲು, ಬೆನ್ನಿನ ಉದ್ದಕ್ಕೆ ಬರುವ ಎರಡು ಪಟ್ಟಿ, ಒಳಗಿನ ಎರಡು ಮೆತ್ತನೆ ತುಂಡು, ಕುತ್ತಿಗೆ, ಪಕ್ಕೆಲುಬಿನ ಮಾಂಸ. ಮೂಳೆ ತೆಗೆದರೆ 100 ಕೆ.ಜಿ. ಹತ್ತಿರ ಬರುತ್ತದೆ.

ನಿಮಗೆ ಅಂದಾಜಾಗಲಿ ಅಂತ ಹೇಳುತ್ತೇನೆ. ಅಂಗಡಿಯಿಂದ 25 ಕೆ.ಜಿ. ಕುಚ್ಚಲಕ್ಕಿ ಚೀಲ ತರುತ್ತೀರಲ್ಲ, ಗಂಡು ಎಲ್ಕ್‌ನ ಒಂದು ಹಿಂಗಾಲು ಅಂದರೆ ಆ ಚೀಲ, ಮೇಲೆ ಇನ್ನು ಐದಾರು ಕೆ.ಜಿ. ಎಲ್ಲ ಸೇರಿ ಹೆಚ್ಚುಕಡಿಮೆ ಐದು ಹೊರೆ. ಒಬ್ಬನೇ ಆದರೆ ನಾಲ್ಕು ಮೈಲಿ, ಅಂದರೆ 6.4 ಕಿ.ಮೀ. ದಾರಿಯಲ್ಲಿ ಐದು ಸಲ ಹೊತ್ತು ಬರಬೇಕು, ನಾಲ್ಕು ಸಲ ಖಾಲಿ ಬೆನ್ನಲ್ಲಿ ವಾಪಸ್ ಹೋಗಬೇಕು. ಕೂಡಿಸಿ ನೋಡಿ, 57 ಕಿ.ಮೀ. ದಾಟುತ್ತದೆ! ಮೂಡುಬಿದಿರೆಯಿಂದ ಮಂಗಳೂರಿಗೆ ಬಂದು, ಮತ್ತೆ ಸುರತ್ಕಲ್ಲಿನವರೆಗೆ ನಡೆದದ್ದಕ್ಕಿಂತಲೂ ಜಾಸ್ತಿ. ಅದೂ ಹತ್ತು ಸಾವಿರ ಅಡಿಯಲ್ಲಿ. ಮೂವರಾದರೆ ಎರಡು ಸುತ್ತಿನಲ್ಲಿ ಮುಗಿಯುತ್ತದೆ, ಒಬ್ಬೊಬ್ಬರಿಗೆ 19 ಕಿ.ಮೀ. ಬೆಳಿಗ್ಗೆ ಬಿದ್ದ ಪ್ರಾಣಿಯಾದರೆ ಮರುದಿನ ಸಂಜೆಯೊಳಗೆ ಎಲ್ಲ ಕಾರಿನ ಹತ್ತಿರ ಇರುತ್ತದೆ. ನಿಮ್ಮ ಮಗ ಇಬ್ಬರ ಜೊತೆ ಹೋಗುತ್ತಿದ್ದಾನೆ ಎನ್ನುವುದೇ ನನಗೆ ದೊಡ್ಡ ಸಮಾಧಾನ.

ಈ ಲೆಕ್ಕವನ್ನು ಗುಂಡು ಹಾರಿಸುವ ಮೊದಲು ಹಾಕಬೇಕು. ಇದೊಂದು ಮಾತನ್ನು ಅವನಿಗೆ ಎರಡು ಸಲ ಹೇಳಿ. ಎಲ್ಕ್ ಎದುರು ನಿಂತಾಗ ಯಾರಿಗೂ ಲೆಕ್ಕ ನೆನಪಾಗುವುದಿಲ್ಲ, ಎದೆ ಹೊಡೆದುಕೊಳ್ಳುತ್ತಾ ಇರುತ್ತದೆ. ಹಾಗಾಗಿ ಮನೆಯಲ್ಲೇ ಕೂತು ಮ್ಯಾಪಿನ ಮೇಲೆ ಗೆರೆ ಎಳೆಯಬೇಕು. ಇಷ್ಟು ದೂರದಾಚೆ ಹೊಡೆಯುವುದಿಲ್ಲ. ಈ ಕೊಳ್ಳಕ್ಕೆ ಇಳಿದು ಹೊಡೆಯುವುದಿಲ್ಲ, ಯಾಕಂದರೆ ಪೂರ್ತಿ ಭಾರ ಏರಿನಲ್ಲಿ ಹೊರಬೇಕಾಗುತ್ತದೆ. ಸಂಜೆ ಇಷ್ಟು ಗಂಟೆಯ ನಂತರ ದೂರದಲ್ಲಿರುವುದನ್ನು ಹೊಡೆಯುವುದಿಲ್ಲ. ಕಾನೂನಿನ ಪ್ರಕಾರ ಸೂರ್ಯ ಮುಳುಗಿ ಅರ್ಧ ಗಂಟೆಯವರೆಗೆ ಅವಕಾಶ ಉಂಟು. ಆದರೆ ಕತ್ತಲಲ್ಲಿ, ಚಳಿಯಲ್ಲಿ, ತಲೆಗೆ ಟಾರ್ಚ್ ಕಟ್ಟಿಕೊಂಡು, ಹರಿತವಾದ ಚಾಕು ಹಿಡಿದು ಮೂರು ಗಂಟೆ ಕೆಲಸ ಮಾಡುವುದು ಮೊದಲ ಸಲ ಹೋದವರಿಗೆ ಬೇಡ. ಬೆಟ್ಟದಲ್ಲಿ ಕೈ ಕೊಯ್ದುಕೊಂಡವರನ್ನು ನಾನು ಜಾಸ್ತಿ ನೋಡಿದ್ದು ಇಂಥ ಹೊತ್ತಿನಲ್ಲೇ.

ಈಗ ಮಾಂಸ ಕೆಡುವುದಿಲ್ವಾ ಎಂಬ ಪ್ರಶ್ನೆಗೆ ಬರುತ್ತೇನೆ. ನೀವು ಕೇಳಿದ್ದರಲ್ಲಿ ಎಲ್ಲಕ್ಕಿಂತ ಮುಖ್ಯ ಪ್ರಶ್ನೆ ಇದೇ. ಎಲ್ಲರೂ ಭಾರಕ್ಕೆ ಹೆದರುತ್ತಾರೆ. ಭಾರ ಕಾಯುತ್ತದೆ ಅಕ್ಕ, ಬಿಸಿ ಕಾಯುವುದಿಲ್ಲ.

ನಮ್ಮ ಅಪ್ಪ ಮಲ್ಪೆಯಲ್ಲಿ ಐಸ್ ಪ್ಲಾಂಟಿನಲ್ಲಿ ಕೆಲಸ ಮಾಡುತ್ತಿದ್ದರು. ಬೋಟು ಹೊರಡುವಾಗ ಪುಡಿ ಮಾಡಿದ ಐಸ್ ತುಂಬುವುದನ್ನು ನೋಡುತ್ತಲೇ ನಾನು ಬೆಳೆದದ್ದು. ಮೀನು ಒಂದು ಪಾಲಾದರೆ ಐಸೂ ಒಂದು ಪಾಲು. ಬಂಗುಡೆ ತೆಳ್ಳಗಿನ ಮೀನು, ಐಸಿನ ನಡುವೆ ಇಟ್ಟರೆ ಬೇಗ ತಣ್ಣಗಾಗುತ್ತದೆ. ದೊಡ್ಡ ಅಂಜಲ್‌ಗೆ ಹೊತ್ತು ಹಿಡಿಯುತ್ತದೆ. ಇದರ ಹಿಂದೆ ಸರಳ ಲೆಕ್ಕ ಉಂಟು. ದಪ್ಪ ಎರಡು ಪಾಲಾದರೆ, ಒಳಗಿನ ತನಕ ತಣಿಯಲು ಬೇಕಾದ ಹೊತ್ತು ಸುಮಾರು ನಾಲ್ಕು ಪಾಲಾಗುತ್ತದೆ. ಎಲ್ಕ್‌ನ ಮೈ ಬದುಕಿದ್ದಾಗ 38 ಡಿಗ್ರಿಗಿಂತ ಸ್ವಲ್ಪ ಮೇಲೆ ಇರುತ್ತದೆ. ಅದರ ಮೇಲೆ ಚಳಿಗಾಲಕ್ಕಂತ ಬೆಳೆದ ದಪ್ಪ ರೋಮದ ಚರ್ಮ. ಒಳಗೆ ಬಿಸಿ ಕರುಳು, ಹೊಟ್ಟೆ. ಹಾಗೇ ಬಿಟ್ಟರೆ ಹೊರಗೆ ಹಿಮ ಬೀಳುತ್ತಿದ್ದರೂ ಒಳಗೆ ಬೆಚ್ಚಗೇ ಇರುತ್ತದೆ. ಮಾಂಸ ಕೆಡಿಸುವ ಬ್ಯಾಕ್ಟೀರಿಯಾಗಳಿಗೆ 4 ಡಿಗ್ರಿಯಿಂದ 60 ಡಿಗ್ರಿಯ ಒಳಗೆ ಎಲ್ಲಿ ಬಿಟ್ಟರೂ ಸಂತೆ. ಅದರಲ್ಲೂ ಮೈಯಷ್ಟು ಬೆಚ್ಚಗಿದ್ದರೆ ಕೇಳುವುದೇ ಬೇಡ.

ನಾನು ಇದನ್ನು ಕಲಿತದ್ದು ಎಲ್ಕ್‌ನ ಒಂದು ಕಾಲು ಕಳೆದುಕೊಂಡ ಮೇಲೆ. ಎರಡನೇ ವರ್ಷ. ಸೆಪ್ಟೆಂಬರ್ ಕೊನೆ. ಹಿಂಗಾಲನ್ನು ಚರ್ಮ ಸುಲಿದು, ಚೀಲಕ್ಕೆ ಹಾಕಿ, ಮರಕ್ಕೆ ತೂಗುಹಾಕಿ ಮಲಗಿದೆವು. ರಾತ್ರಿ ಒಳ್ಳೆ ಚಳಿ, ಬಾಟಲಿಯ ನೀರಿನ ಮೇಲೆ ತೆಳ್ಳಗೆ ಮಂಜುಗಡ್ಡೆ. ಬೆಳಿಗ್ಗೆ ಮುಟ್ಟಿ ನೋಡಿದೆ, ಕಲ್ಲಿನ ಹಾಗೆ ತಣ್ಣಗೆ. ಖುಷಿಯಾಯಿತು. ಬಿಸಿಲು ಬಂದ ಮೇಲೆ ನೆರಳಿಗೆ ಸರಿಸಲಿಲ್ಲ, ಮತ್ತೊಂದು ಹೊರೆ ಇಳಿಸಲು ಹೋದೆ. ಮರುದಿನ ಮನೆಯಲ್ಲಿ ಸೊಂಟದ ಕೀಲಿನ ಹತ್ತಿರ ಚಾಕು ಹಾಕಿದಾಗ ಹುಳಿ ವಾಸನೆ ಬಂತು. ಮೂಳೆಯ ಸುತ್ತ ಮಾಂಸ ಬೂದಿ ಬಣ್ಣಕ್ಕೆ ತಿರುಗಿ ಜಾರುತ್ತಿತ್ತು. ಹೊರಗಿನ ಎರಡು ಇಂಚು ಚೆನ್ನಾಗಿಯೇ ಇತ್ತು. ಒಳಗೆ, ಎಲ್ಲಕ್ಕಿಂತ ದಪ್ಪ ಇರುವಲ್ಲಿ, ತೊಡೆ ಮೂಳೆಯ ಸುತ್ತ ಬಿಸಿ ಸಿಕ್ಕಿಕೊಂಡಿತ್ತು. ಅಲ್ಲಿನವರು ಇದಕ್ಕೆ ಬೋನ್ ಸಾವರ್ ಅನ್ನುತ್ತಾರೆ, ಮೂಳೆ ಹುಳಿಯಾಗುವುದು ಅಂತ. ಆ ಕಾಲನ್ನು ಗುಂಡಿ ತೋಡಿ ಹೂತೆ. ಒಂದು ಜೀವ ತೆಗೆದು, ಅದರ ಕಾಲು ಪಾಲನ್ನು ಮಣ್ಣು ಮಾಡಿದೆ. ಇವತ್ತಿಗೂ ಅದು ನನಗೆ ಮರೆತಿಲ್ಲ.

ಹಾಗಾಗಿ ಕ್ರಮ ಹೀಗೆ. ಪ್ರಾಣಿ ಸತ್ತದ್ದು ಖಾತ್ರಿಯಾದ ಕೂಡಲೇ ಲೈಸೆನ್ಸಿನ ಟ್ಯಾಗ್ ತುಂಬಬೇಕು. ಫೋಟೋ ತೆಗೆಯುತ್ತಾ ಅರ್ಧ ಗಂಟೆ ಕಳೆಯಬಾರದು. ಆಮೇಲೆ ಚರ್ಮ. ಈಗ ಬಹಳ ಜನ ಹೊಟ್ಟೆ ಬಗೆಯದೆಯೇ ಭಾಗ ಮಾಡುತ್ತಾರೆ. ಪ್ರಾಣಿಯನ್ನು ಒಂದು ಮಗ್ಗುಲಿಗೆ ಮಲಗಿಸಿ, ಬೆನ್ನಿನ ಉದ್ದಕ್ಕೆ ಸೀಳಿ, ಮೇಲಿನ ಅರ್ಧದ ಚರ್ಮ ಬಿಡಿಸುವುದು. ಮುಂಗಾಲು ಎತ್ತಿ ಹಿಡಿದು ಅಡಿಯಲ್ಲಿ ಕೊಯ್ದರೆ ಸುಮ್ನೆ ಬಿಟ್ಟುಕೊಂಡು ಬರುತ್ತದೆ, ಯಾಕಂದರೆ ಅದು ಮೈಗೆ ಮೂಳೆಯ ಕೀಲಿನಿಂದ ಸೇರಿದ್ದಲ್ಲ, ಬರೀ ಮಾಂಸದಿಂದ. ಹಿಂಗಾಲಿಗೆ ಒರಳು-ಗುಂಡಿನ ಹಾಗಿನ ಕೀಲು ಉಂಟು. ಚಾಕುವಿನ ತುದಿ ಅಲ್ಲಿಗೆ ಮುಟ್ಟಿಸಿದರೆ ಟಕ್ ಅಂತ ತೆರೆದುಕೊಳ್ಳುತ್ತದೆ. ಕೊಡಲಿ, ಗರಗಸ ಏನೂ ಬೇಡ. ಬೆನ್ನಿನ ಪಟ್ಟಿ, ಕುತ್ತಿಗೆ, ಪಕ್ಕೆಲುಬಿನ ಮಾಂಸ ತೆಗೆದ ಮೇಲೆ, ಕೊನೆಯ ಪಕ್ಕೆಲುಬಿನ ಹಿಂದೆ ಕೈ ಹಾಕಿ ಒಳಗಿನ ಮೆತ್ತನೆ ತುಂಡು ತೆಗೆಯುವುದು. ಆಮೇಲೆ ಮಗುಚಿ ಇನ್ನೊಂದು ಮಗ್ಗುಲು. ಕರುಳು ಒಡೆಯುವ ಭಯ ಕಡಿಮೆ, ಮಾಂಸಕ್ಕೆ ಕೊಳೆ ಹತ್ತುವುದೂ ಕಡಿಮೆ. ಬಿಚ್ಚಿದ ಚರ್ಮವೇ ಚಾಪೆಯಾಗುತ್ತದೆ.

ಚೀಲ ಹತ್ತಿ ಬಟ್ಟೆಯದ್ದೋ ಉಸಿರಾಡುವ ಸಿಂಥೆಟಿಕ್ ಬಟ್ಟೆಯದ್ದೋ ಇರಬೇಕು. ಪ್ಲಾಸ್ಟಿಕ್ ಕವರ್ ಖಂಡಿತ ಬೇಡ, ಬಿಸಿಯನ್ನೂ ಬೆವರನ್ನೂ ಒಳಗೇ ಹಿಡಿದಿಡುತ್ತದೆ. ತುಂಡುಗಳನ್ನು ಒಂದರ ಮೇಲೊಂದು ರಾಶಿ ಹಾಕಬಾರದು. ಕೊಂಬೆಗಳ ಮೇಲೆ ಬಿಡಿಬಿಡಿಯಾಗಿ ಹರಡಿ, ಇಲ್ಲವೇ ನೆರಳಿನಲ್ಲಿ ತೂಗುಹಾಕಿ ಗಾಳಿ ಆಡಲು ಬಿಡಬೇಕು. ಉತ್ತರಕ್ಕೆ ಮುಖ ಮಾಡಿದ ಇಳಿಜಾರು ಒಳ್ಳೆಯದು, ಅಲ್ಲಿ ಬಿಸಿಲು ತಾಗುವುದಿಲ್ಲ. ತೊರೆಯ ಪಕ್ಕ ಗಾಳಿಯೇ ತಣ್ಣಗಿರುತ್ತದೆ. ಆದರೆ ನೀರಿನಲ್ಲಿ ಮುಳುಗಿಸಬಾರದು. ಮೀನನ್ನು ಐಸ್ ನೀರಿನಲ್ಲಿ ಇಡುವ ನಮ್ಮ ಅಭ್ಯಾಸ ಇಲ್ಲಿ ಹೊಂದುವುದಿಲ್ಲ. ಮಾಂಸದ ಮೇಲ್ಮೈ ಒಣಗಿ ತೆಳ್ಳಗೆ ಪೊರೆ ಕಟ್ಟಬೇಕು, ಆಗ ನೊಣ ಕೂರುವುದೂ ಕಡಿಮೆ, ಬ್ಯಾಕ್ಟೀರಿಯಾಕ್ಕೂ ಜಾಗ ಕಡಿಮೆ.

ಮೂಳೆ ತೆಗೆಯಬೇಕಾ ಬೇಡ್ವಾ? ನನ್ನ ಅಭಿಪ್ರಾಯ ಹೇಳುತ್ತೇನೆ. ದೂರ ಕಡಿಮೆ, ಚಳಿ ಜಾಸ್ತಿ ಇದ್ದರೆ ಮೂಳೆ ಸಮೇತ ತನ್ನಿ. ಸತ್ತ ಕೆಲವು ಗಂಟೆಗೆ ಮಾಂಸ ಸೆಟೆಯುತ್ತದೆ. ಆ ಮೊದಲೇ ಮೂಳೆಯಿಂದ ಬಿಡಿಸಿದರೆ ಎಳೆಗಳು ಕುಗ್ಗಿ ಮಾಂಸ ಗಟ್ಟಿಯಾಗುತ್ತದೆ. ಮೂಳೆಯಿದ್ದರೆ ಅದು ಹಿಡಿದು ನಿಲ್ಲಿಸುತ್ತದೆ. ಬೆನ್ನ ಮೇಲೆ ಕಟ್ಟಲೂ ಸುಲಭ, ಅಲುಗಾಡುವುದಿಲ್ಲ. ಮೂಳೆ ತೆಗೆದ ಮಾಂಸ ಚೀಲದಲ್ಲಿ ಜೆಲ್ಲಿಯ ಹಾಗೆ ಕೆಳಗೆ ಜಾರಿ ಕೂರುತ್ತದೆ. ಆದರೆ ನಾಲ್ಕು ಮೈಲಿ ಅಂದರೆ ಭಾರದಲ್ಲಿ ಹತ್ತಿರ ಹತ್ತಿರ ಐದನೇ ಒಂದು ಪಾಲು ಉಳಿಯುವುದು ಸಣ್ಣ ಮಾತಲ್ಲ. ಹಗಲು ಬೆಚ್ಚಗಿದ್ದರಂತೂ ತೊಡೆಯನ್ನು ಮೂಳೆಯ ತನಕ ಸೀಳಿ ಗಾಳಿ ಆಡುವ ಹಾಗೆ ಮಾಡಲೇಬೇಕು. ಗಟ್ಟಿಯಾದ ಮಾಂಸವನ್ನು ಕುಕ್ಕರಿನಲ್ಲಿ ಬೇಯಿಸಬಹುದು. ಹುಳಿಯಾದದ್ದನ್ನು ಏನು ಮಾಡುವುದು?

ಒಂದು ಎಚ್ಚರ. ಕೊಲೊರಾಡೋದಲ್ಲಿ ಪ್ರಾಣಿ ಗಂಡೋ ಹೆಣ್ಣೋ ಎಂದು ತೋರಿಸುವ ಭಾಗ ಯಾವುದಾದರೂ ಒಂದು ದೊಡ್ಡ ತುಂಡಿಗೆ ಅಂಟಿಕೊಂಡೇ ಇರಬೇಕು, ಬೇರೆ ಕತ್ತರಿಸಿ ಜೇಬಿನಲ್ಲಿಟ್ಟರೆ ಆಗದು. ಮೂಳೆ ತೆಗೆಯುವ ಭರದಲ್ಲಿ ಜನ ಇದನ್ನು ಮರೆಯುತ್ತಾರೆ. ಮಾಂಸ ಬಿಟ್ಟು ಬರುವುದೂ ಅಲ್ಲಿ ಅಪರಾಧ. ನಾಲ್ಕು ಕಾಲು, ಬೆನ್ನಿನ ಪಟ್ಟಿ, ಒಳಗಿನ ಮೆತ್ತನೆ ತುಂಡು, ಇಷ್ಟಾದರೂ ತರಲೇಬೇಕು. ಕರುಳು, ಹೊಟ್ಟೆ ಬಿಡಬಹುದು. ಅಲಾಸ್ಕಾದ ಹಲವು ಕಡೆ ಮಾಂಸ ಎಲ್ಲ ಬಂದ ಮೇಲೆಯೇ ಕೊಂಬು ತರಬೇಕು ಎಂಬ ಕಾನೂನೇ ಉಂಟು. ಕೊಲೊರಾಡೋದಲ್ಲಿ ಹಾಗಿಲ್ಲದಿದ್ದರೂ ನಿಮ್ಮ ಮಗ ಅದೇ ಕ್ರಮ ಹಿಡಿಯಲಿ. ಕೊಂಬು ಕೆಡುವುದಿಲ್ಲ, ಒಂದು ವಾರ ಬಿಟ್ಟು ಬಂದರೂ ಹಾಗೇ ಇರುತ್ತದೆ.

ಇನ್ನು ಹೊರುವುದು. ನಮ್ಮ ಊರಿನಲ್ಲಿ ತಲೆಯ ಮೇಲೆ ಸಿಂಬಿ ಇಟ್ಟು ಹುಲ್ಲಿನ ಹೊರೆ, ಮೀನಿನ ಬುಟ್ಟಿ ಹೊರುವ ಹೆಂಗಸರನ್ನು ನೋಡಿದ್ದೀರಿ. ಅವರ ಬೆನ್ನು ನೆಟ್ಟಗಿರುತ್ತದೆ, ಭಾರ ನೇರವಾಗಿ ಬೆನ್ನುಮೂಳೆಯ ಮೇಲೆ ಇಳಿಯುತ್ತದೆ. ಬೆನ್ನಿಗೆ ಕಟ್ಟುವ ಹೊರೆಯ ಗುಟ್ಟೂ ಅದೇ. ಭಾರ ಮೈಗೆ ಅಂಟಿಕೊಂಡಿರಬೇಕು, ಹೆಗಲ ಮೂಳೆಗಳ ನಡುವೆ ಇರಬೇಕು. ಕೆಳಗೆ ಸೊಂಟದಿಂದ ಜೋತು ಬಿದ್ದರೆ ಅದು ಹಿಂದಕ್ಕೆ ಎಳೆಯುತ್ತದೆ, ಹೊರುವವನು ಮುಂದಕ್ಕೆ ಬಗ್ಗುತ್ತಾನೆ, ಅರ್ಧ ಗಂಟೆಯಲ್ಲಿ ಸೊಂಟ ಹಿಡಿಯುತ್ತದೆ. ಸಾಮಾನ್ಯ ಟ್ರೆಕ್ಕಿಂಗ್ ಬ್ಯಾಗ್ ಇದಕ್ಕೆ ಆಗದು. ಒಳಗೆ ಗಟ್ಟಿ ಚೌಕಟ್ಟು ಇರುವ, ಚೌಕಟ್ಟಿಗೂ ಚೀಲಕ್ಕೂ ನಡುವೆ ಮಾಂಸ ಕಟ್ಟಲು ಜಾಗ ಇರುವ ಬ್ಯಾಗ್ ಬೇಕು. ಸೊಂಟದ ಪಟ್ಟಿ ಬಿಗಿಯಾಗಿ ಕೂತರೆ ಭಾರದ ದೊಡ್ಡ ಪಾಲು ಸೊಂಟಕ್ಕೆ ಹೋಗುತ್ತದೆ, ಹೆಗಲಿಗೆ ಬರೀ ಹಿಡಿದುಕೊಳ್ಳುವ ಕೆಲಸ.

ಏಳುವುದು ಹೇಗೆ ಎಂದು ಯಾರೂ ಹೇಳಿಕೊಡುವುದಿಲ್ಲ. ಬೆನ್ನು, ಮಂಡಿ ಹೋಗುವುದು ಅಲ್ಲೇ. ಮೂವತ್ತು ಕೆ.ಜಿ.ಯನ್ನು ನೆಲದಿಂದ ಎತ್ತಿ ಒಂದು ಹೆಗಲಿಗೆ ಬೀಸಬಾರದು. ಬ್ಯಾಗನ್ನು ಇಳಿಜಾರಿನ ಮೇಲ್ಭಾಗಕ್ಕೆ ಒರಗಿಸಿ ನಿಲ್ಲಿಸಬೇಕು. ಅದರ ಮುಂದೆ, ಕೆಳಕ್ಕೆ ಮುಖ ಮಾಡಿ, ನೆಲದಲ್ಲೇ ಕೂರಬೇಕು. ಎರಡೂ ಪಟ್ಟಿಗೆ ತೋಳು ಹಾಕಿ, ಸೊಂಟದ ಬಕಲ್ ಬಿಗಿಯಬೇಕು. ಆಮೇಲೆ ಒಂದು ಮಗ್ಗುಲಿಗೆ ಹೊರಳಿ ಕೈ ಮತ್ತು ಮಂಡಿಯ ಮೇಲೆ ಬರಬೇಕು, ಮಗು ಅಂಬೆಗಾಲಿಡುವ ಹಾಗೆ. ಒಂದು ಪಾದ ಮುಂದಿಟ್ಟು, ಎರಡು ಕೈಯಲ್ಲೂ ಊರುಗೋಲು ಹಿಡಿದು, ತೊಡೆಯ ಬಲದಿಂದ ಏಳಬೇಕು. ನಿಂತ ಮೇಲೆ ಐದು ಉಸಿರು ಹಾಗೇ ನಿಲ್ಲಬೇಕು. ನನ್ನ ಪಕ್ಕದ ಮನೆಯವರು, ಅರವತ್ತು ದಾಟಿದವರು, ಪ್ರತಿ ಸಲ ಹೀಗೇ ಎದ್ದು, ಹೆಗಲ ಪಟ್ಟಿಯನ್ನು ಒಂದು ಬೆರಳಷ್ಟು ಎಳೆದು, ಮತ್ತೆ ಅರ್ಧ ಬೆರಳು ಸಡಿಲಿಸಿ, ಆಮೇಲೆಯೇ ಮೊದಲ ಹೆಜ್ಜೆ ಇಡುತ್ತಿದ್ದರು. ಅವಸರದಲ್ಲಿ ಅವರು ಹೆಜ್ಜೆ ಇಟ್ಟದ್ದನ್ನು ನಾನು ನೋಡಿಲ್ಲ.

ಇಳಿಯುವಾಗ ಹೆಜ್ಜೆ ಚಿಕ್ಕದು, ಮಂಡಿ ಸ್ವಲ್ಪ ಬಗ್ಗಿರಬೇಕು, ದಾರಿ ಅಡ್ಡಡ್ಡ ಹಾವಿನ ಹಾಗೆ. ಒದ್ದೆ ಮರದ ದಿಮ್ಮಿಯ ಮೇಲೆ ಕಾಲಿಡಬಾರದು, ದಾಟಿಯೇ ಹೋಗಬೇಕು. ಮೂವರಿದ್ದಾರಲ್ಲ, ಒಂದು ಉಪಾಯ ಮಾಡಬಹುದು. ಒಂದು ಹೊರೆಯನ್ನು ಕಾರಿನ ತನಕ ಒಯ್ದು ವಾಪಸ್ ಬರುವ ಬದಲು, ಎಲ್ಲ ಹೊರೆಗಳನ್ನೂ ಅರ್ಧ ಮೈಲಿ ಮುಂದಕ್ಕೆ ಸಾಗಿಸಿ, ಅಲ್ಲಿಂದ ಮತ್ತೆ ಅರ್ಧ ಮೈಲಿ. ಒಟ್ಟು ದೂರ ಅಷ್ಟೇ. ಆದರೆ ಖಾಲಿ ಬೆನ್ನಲ್ಲಿ ವಾಪಸ್ ನಡೆಯುವ ಹತ್ತು ನಿಮಿಷ ವಿಶ್ರಾಂತಿ ಆಗುತ್ತದೆ, ಮಾಂಸವೂ ಕಣ್ಣಳತೆಯಲ್ಲೇ ಇರುತ್ತದೆ. ಕರಡಿಯಿರುವ ಕಡೆ ನನಗೆ ಇದೇ ಇಷ್ಟ.

ಕುಮಾರ ಪರ್ವತದ ಮಾತು ಹೇಳಿದಿರಿ. ಒಳ್ಳೆಯದೇ, ಕಾಲಿಗೆ ಬೆಟ್ಟದ ಅಭ್ಯಾಸ ಉಂಟು ಅಂತಾಯಿತು. ಆದರೆ ಅದರ ತುದಿ 1,712 ಮೀಟರ್. ನಿಮ್ಮ ಮಗ ಕ್ಯಾಂಪ್ ಹಾಕುವ ಜಾಗವೇ 3,000 ಮೀಟರ್. ಅಲ್ಲಿ ಪ್ರತಿ ಉಸಿರಿಗೆ ಸಿಗುವ ಆಮ್ಲಜನಕ ಮಂಗಳೂರಿನದ್ದಕ್ಕಿಂತ ನೂರಕ್ಕೆ ಸುಮಾರು ಮೂವತ್ತು ಪಾಲು ಕಡಿಮೆ. ಡೆನ್ವರಿನಲ್ಲಿ ವಾಸ ಇರುವುದರಿಂದ ಅರ್ಧ ಒಗ್ಗಿಕೊಂಡಿರುತ್ತದೆ. ಆದರೂ ಎರಡು ದಿನ ಮೊದಲೇ ಮೇಲೆ ಹೋಗಿ ಮಲಗಲಿ. ತಲೆನೋವು, ವಾಕರಿಕೆ ಶುರುವಾದರೆ ಹೊರೆ ಇಳಿಸಿ ಕೆಳಗೆ ಬರಲಿ, ಗಟ್ಟಿತನ ತೋರಿಸುವ ಜಾಗ ಅದಲ್ಲ. ಈಗಿನಿಂದಲೇ ವಾರಕ್ಕೆ ಎರಡು ದಿನ ಬ್ಯಾಗಿಗೆ ಅಕ್ಕಿಯೋ ಮರಳೋ ತುಂಬಿ ನಡೆಯಲಿ, ಹತ್ತು ಕೆ.ಜಿ.ಯಿಂದ ಶುರು ಮಾಡಿ. ಇಳಿಯುವುದನ್ನು ಮುಖ್ಯವಾಗಿ ಅಭ್ಯಾಸ ಮಾಡಲಿ.

ಜೀಪಿನ ವಿಷಯ. ಅಮೆರಿಕದ 1964ರ ವೈಲ್ಡರ್‌ನೆಸ್ ಕಾಯ್ದೆಯ ಪ್ರಕಾರ ಗುರುತು ಮಾಡಿದ ಕಾಡುಗಳಲ್ಲಿ ಎಂಜಿನ್ ಇರುವ ಯಾವುದೂ ಹೋಗಬಾರದು. ಚಕ್ರದ ಕೈಗಾಡಿಯೂ ಅಲ್ಲಿ ನಿಷಿದ್ಧ, ಸೈಕಲ್ ಕೂಡ. ಹಿಮ ಬಿದ್ದಿದ್ದರೆ ಪ್ಲಾಸ್ಟಿಕ್ ಜಾರುಬಂಡಿ ಎಳೆಯಬಹುದು. ಕಡಿದಾದಲ್ಲಿ ಅದು ಎಳೆಯುವವನ ಕಾಲಿಗೇ ಬಂದು ಹೊಡೆಯುತ್ತದೆ, ಹಾಗಾಗಿ ಹಿಂದಿನಿಂದ ಒಬ್ಬರು ಹಗ್ಗ ಹಿಡಿದಿರಬೇಕು.

ಕುದುರೆ, ಹೇಸರಗತ್ತೆಗೆ ಅಡ್ಡಿ ಇಲ್ಲ. ನನ್ನ ಸಲಹೆ ಕೇಳುವುದಾದರೆ, ನಾಲ್ಕು ಮೈಲಿಗೆ ಇದೇ ಒಳ್ಳೆಯ ದಾರಿ. ಒಂದು ಹೇಸರಗತ್ತೆ ಸುಮಾರು 70 ಕೆ.ಜಿ. ಹೊರುತ್ತದೆ. ಎರಡಿದ್ದರೆ ಒಂದು ಎಲ್ಕ್ ಒಂದೇ ಸುತ್ತಿನಲ್ಲಿ ಹೊರಗೆ. ಬಾಡಿಗೆಗೆ ಮಾಂಸ ಇಳಿಸಿಕೊಡುವವರು ಬೆಟ್ಟದ ಬುಡದ ಊರುಗಳಲ್ಲಿ ಇರುತ್ತಾರೆ. ಕೊಲೊರಾಡೋದಲ್ಲಿ ಅಂಥವರಿಗೆ ಸರ್ಕಾರದ ನೋಂದಣಿ ಬೇಕು, ಅದನ್ನು ಕೇಳಿ ನೋಡಲಿ. ಆದರೆ ಪ್ರಾಣಿ ಬಿದ್ದ ಮೇಲೆ ಫೋನ್ ಮಾಡಿದರೆ ಯಾರೂ ಸಿಗುವುದಿಲ್ಲ, ಸೀಸನ್ನಿನಲ್ಲಿ ಎಲ್ಲರ ಕುದುರೆಗಳೂ ಬೆಟ್ಟದಲ್ಲೇ ಇರುತ್ತವೆ. ಈಗಲೇ ಮಾತಾಡಿ, ಎಲ್ಲಿ ಬೇಟೆ, ಯಾವ ದಿನ, ಎಷ್ಟು ಹಣ ಎಂದು ಬರೆದಿಟ್ಟುಕೊಳ್ಳಬೇಕು. ಮೊಬೈಲ್ ಸಿಗ್ನಲ್ ಒಳಗೆ ಇರುವುದಿಲ್ಲ, ಸ್ಯಾಟಲೈಟ್ ಮೆಸೆಂಜರ್ ಬೇಕು. ಅದು ಹೇಸರಗತ್ತೆ ಕರೆಯುವುದಕ್ಕೂ ಆಗುತ್ತದೆ, ಕಾಲು ಉಳುಕಿದರೆ ಸಹಾಯ ಕರೆಯುವುದಕ್ಕೂ. ನಿಮಗೆ ದಿನಾ ಸಂಜೆ "ಚೆನ್ನಾಗಿದ್ದೇನೆ" ಅಂತ ಒಂದು ಮೆಸೇಜ್ ಅದರಿಂದಲೇ ಬರಲಿ. ಇದನ್ನು ನೀವು ಹಟ ಮಾಡಿ ಕೇಳಿ ಅಕ್ಕ.

ಕರಡಿ. ಕೊಲೊರಾಡೋದಲ್ಲಿ ಇರುವುದು ಕಪ್ಪು ಕರಡಿ. ಗ್ರಿಜ್ಲಿ ಎನ್ನುವ ದೊಡ್ಡ ಕರಡಿ ಅಲ್ಲಿ ಕೊನೆಯದಾಗಿ ಸತ್ತದ್ದು 1979ರಲ್ಲಿ, ಆಮೇಲೆ ಅಲ್ಲಿ ನೆಲೆ ನಿಂತಿಲ್ಲ. ವ್ಯೋಮಿಂಗ್, ಮೊಂಟಾನಾ ಕಡೆ ಉಂಟು. ಕಪ್ಪು ಕರಡಿಯೂ ಚಳಿಗಾಲಕ್ಕೆ ಮೊದಲು ಹೊಟ್ಟೆ ತುಂಬಿಸಿಕೊಳ್ಳಲು ತಿರುಗುತ್ತಿರುತ್ತದೆ. ಮಾಂಸವನ್ನು ಕರುಳು, ಎಲುಬು ಬಿಟ್ಟ ಜಾಗದಿಂದ ಕನಿಷ್ಠ ನೂರು ಮೀಟರ್ ದೂರಕ್ಕೆ ಒಯ್ಯಬೇಕು. ದೂರದಿಂದಲೇ ಕಾಣುವ ಬಯಲಿನ ಅಂಚು ಆರಿಸಬೇಕು, ಪೊದೆಯ ನಡುವೆ ಬೇಡ. ಎರಡನೇ ಸುತ್ತಿಗೆ ಬರುವಾಗ ಗಟ್ಟಿಯಾಗಿ ಮಾತಾಡುತ್ತಾ, ಮೇಲಿನ ಕಡೆಯಿಂದ, ಬೈನಾಕ್ಯುಲರ್ ಹಾಕಿ ನೋಡಿಕೊಂಡು ಬರಬೇಕು. ಚೀಲಗಳ ಮೇಲೆ ಮಣ್ಣು, ಎಲೆ ಎಳೆದು ಮುಚ್ಚಿದ ಹಾಗೆ ಕಂಡರೆ ಕರಡಿ ಅದನ್ನು ತನ್ನದು ಮಾಡಿಕೊಂಡಿದೆ ಅಂತ ಅರ್ಥ. ಅಲ್ಲಿಂದ ಹಿಂದೆ ಸರಿದು ಇಲಾಖೆಗೆ ತಿಳಿಸಬೇಕು. ಮಾಂಸಕ್ಕಾಗಿ ಕರಡಿಯ ಜೊತೆ ಜಗಳ ಬೇಡವೇ ಬೇಡ. ನಿಜ ಹೇಳಬೇಕೆಂದರೆ ಕರಡಿಗಿಂತ ಇನ್ನೊಬ್ಬ ಬೇಟೆಗಾರನ ತಪ್ಪು ನೋಟ ನನಗೆ ಜಾಸ್ತಿ ಭಯ. ಬಂದೂಕಿನ ಸೀಸನ್ನಿನಲ್ಲಿ ಹೊಳೆಯುವ ಕಿತ್ತಳೆ ಅಥವಾ ಗುಲಾಬಿ ಬಟ್ಟೆ ತಲೆಗೂ ಮೈಗೂ ಕಡ್ಡಾಯ. ಕೊಂಬು ಹೊತ್ತು ಬರುವಾಗ ಅದಕ್ಕೂ ಕಿತ್ತಳೆ ಬಟ್ಟೆ ಸುತ್ತಲಿ. ಕಾಡಿನ ನಡುವೆ ಕೊಂಬು ಮಾತ್ರ ಚಲಿಸುವುದು ಕಂಡರೆ ದೂರದವನಿಗೆ ಎಲ್ಕ್ ಅಂತಲೇ ಕಾಣುತ್ತದೆ.

ಒಂದು ರೋಗದ ಮಾತು ಹೇಳಲೇಬೇಕು. ಕ್ರಾನಿಕ್ ವೇಸ್ಟಿಂಗ್ ಡಿಸೀಸ್ ಅಂತ ಜಿಂಕೆ, ಎಲ್ಕ್‌ಗಳಿಗೆ ಬರುವ ಮೆದುಳಿನ ರೋಗ. ಅದನ್ನು ಮೊದಲು ಗಮನಿಸಿದ್ದೇ ಕೊಲೊರಾಡೋದಲ್ಲಿ, 1967ರಲ್ಲಿ. ಮನುಷ್ಯರಿಗೆ ಬಂದ ಉದಾಹರಣೆ ಈವರೆಗೆ ಇಲ್ಲ. ಆದರೂ ತಲೆಯನ್ನು ಪರೀಕ್ಷೆಗೆ ಕೊಟ್ಟು, ರೋಗ ಇಲ್ಲ ಎಂದು ಬಂದ ಮೇಲೆ ತಿನ್ನುವುದು ಒಳ್ಳೆಯದು. ರೋಗ ಇದೆ ಎಂದು ಬಂದರೆ ತಿನ್ನಬಾರದು. ಮೆದುಳು, ಬೆನ್ನುಹುರಿಗೆ ಚಾಕು ತಾಗಿಸಬಾರದು. ಬೇರೆ ರಾಜ್ಯಕ್ಕೆ ಒಯ್ಯುವುದಾದರೆ ತಲೆ, ಬೆನ್ನುಮೂಳೆಗೆ ಹಲವು ರಾಜ್ಯಗಳಲ್ಲಿ ನಿರ್ಬಂಧ ಉಂಟು. ಮೇಲೆ ಹೇಳಿದ ಹಾಗೆ ಭಾಗ ಮಾಡಿದರೆ ಬೆನ್ನುಮೂಳೆ ಬೆಟ್ಟದಲ್ಲೇ ಉಳಿಯುವುದರಿಂದ ಈ ತಲೆಬಿಸಿಯೂ ಕಡಿಮೆ.

ಕಾರಿನ ಹತ್ತಿರ ದೊಡ್ಡ ಕೂಲರ್ ಪೆಟ್ಟಿಗೆಗಳು ಕಾಯುತ್ತಿರಬೇಕು. ನೀರು ತುಂಬಿ ಗಟ್ಟಿ ಮಾಡಿದ ಬಾಟಲಿಗಳು ಬಿಡಿ ಐಸಿಗಿಂತ ಒಳ್ಳೆಯದು, ಕರಗಿದರೂ ನೀರು ಮಾಂಸಕ್ಕೆ ತಾಗುವುದಿಲ್ಲ. ತಣ್ಣಗಾಗದ ಮಾಂಸವನ್ನು ಪೆಟ್ಟಿಗೆಗೆ ಒತ್ತಿ ತುಂಬಿ ಮುಚ್ಚಿದರೆ ಒಳಗೇ ಬಿಸಿ ಉಳಿಯುತ್ತದೆ. ನಡುನಡುವೆ ಬಾಟಲಿ ಇಡಬೇಕು.

ವೀಸಾದ ಬಗ್ಗೆ ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಕೆಲಸದ ವೀಸಾದಂಥ ತಾತ್ಕಾಲಿಕ ವೀಸಾದಲ್ಲಿ ಇರುವವರು ಬಂದೂಕು ಇಟ್ಟುಕೊಳ್ಳಬಾರದು ಎಂಬುದು ಅಮೆರಿಕದ ಕೇಂದ್ರ ಕಾನೂನು. ರಾಜ್ಯ ಕೊಟ್ಟ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ ಉಂಟು. ನಿಮ್ಮ ಮಗ ಅಂಥ ವೀಸಾದಲ್ಲಿದ್ದರೆ ಲೈಸೆನ್ಸಿನ ದಿನಾಂಕ ಮುಗಿದಿಲ್ಲ ಎಂದು ನೋಡಿಕೊಳ್ಳಲಿ, ಅದನ್ನು ಯಾವಾಗಲೂ ಜೊತೆಗೆ ಇಟ್ಟುಕೊಳ್ಳಲಿ, ಒಮ್ಮೆ ವಕೀಲರನ್ನೂ ಕೇಳಲಿ.

ಕೊನೆಗೆ "ಸ್ವಲ್ಪ ತರ್ತೇನಮ್ಮ" ಎಂಬ ಮಾತು. ಬೇಡ ಅಕ್ಕ. ಹೊರದೇಶದ ಮಾಂಸ ಭಾರತಕ್ಕೆ ಬರಬೇಕಾದರೆ ಸರ್ಕಾರದ ಅನುಮತಿ ಪತ್ರ ಬೇಕು, ಸೂಟ್‌ಕೇಸಿನಲ್ಲಿ ತರುವ ವಸ್ತು ಅಲ್ಲ. ಬಜಪೆಯಲ್ಲಿ ಇಳಿಯುವ ಮೊದಲೇ ಎಲ್ಲೋ ಒಂದು ಕಡೆ ಹಿಡಿದು ಎಸೆಯುತ್ತಾರೆ, ವಿಚಾರಣೆ ಬೇರೆ. ಕೊಂಬೂ ಬೇಡ.

ಅದರ ಬದಲು ನೀವೇ ಹೋಗಿ. ನವೆಂಬರ್‌ನಲ್ಲಿ ಹೋದರೆ ಫ್ರೀಜರ್ ತುಂಬಿರುತ್ತದೆ. ಕುಂದಾಪುರದ ಮಸಾಲೆ ಪುಡಿ ಒಂದು ಡಬ್ಬ ಒಯ್ಯಿರಿ. ಎಲ್ಕ್‌ನಲ್ಲಿ ಕೊಬ್ಬು ಬಹಳ ಕಡಿಮೆ, ಕುರಿ ಮಾಂಸದ ಹಾಗೆ ತನ್ನ ಜಿಡ್ಡಿನಲ್ಲೇ ಬೇಯುವುದಿಲ್ಲ. ತೆಂಗಿನೆಣ್ಣೆ ಸ್ವಲ್ಪ ಧಾರಾಳವಾಗಿ ಬೇಕು. ಬೆನ್ನಿನ ಪಟ್ಟಿಯನ್ನು ಸುಕ್ಕ ಮಾಡಿ ಹಾಳು ಮಾಡಬೇಡಿ, ಅದನ್ನು ಬೆಣ್ಣೆಯಲ್ಲಿ ಎರಡು ಮಗ್ಗುಲು ಹುರಿದರೆ ಸಾಕು. ಸುಕ್ಕಕ್ಕೆ ಕುತ್ತಿಗೆಯ ಮಾಂಸ ತೆಗೆದಿಡಲು ಈಗಲೇ ಮಗನಿಗೆ ಹೇಳಿ. ಕುಕ್ಕರಿನಲ್ಲಿ ಚೆನ್ನಾಗಿ ಬೇಯಿಸಿ, ಆಮೇಲೆ ಮಸಾಲೆ ಹಾಕಿ ನೀರು ಆರಿಸಿ, ಕೊನೆಗೆ ಹುರಿದ ತೆಂಗಿನತುರಿ.